ನೋಡುವವರಿಗೆ ಏನಾಗುತ್ತದೆ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಟಿ.ವಿ. ಮತ್ತು ಸಿನಿಮಾ ಉದ್ಯಮದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಸಾಗರದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

"ನಮ್ಮ ಕಡೆ ಬಯಲಾಟ ಅಂದರೆ ಹರಕೆ, ದೇವರ ಸೇವೆ. ಪಶ್ಚಿಮದವರಿಗೆ ಮನರಂಜನೆ ಅಂದರೆ ಹೊತ್ತು ಕಳೆಯುವುದು, ದುಡ್ಡು ಮಾಡುವುದು, ಅಷ್ಟೇ. ಅದು ಸರಿಯೋ ತಪ್ಪೋ ಎಂದು ಅವರು ಎಂದಾದರೂ ಕೇಳಿಕೊಂಡಂತೆ ಕಾಣುವುದಿಲ್ಲ. ಇಂಥ ವಿಷಯದಲ್ಲಿ ತತ್ವಶಾಸ್ತ್ರ ಹುಡುಕಿ ಆರು ಪುಟ ಕೊಡುವ ಅಗತ್ಯ ಏನಿತ್ತು? ಅವರಲ್ಲಿ ಯಾರಾದರೂ ಈ ಬಗ್ಗೆ ನಿಜವಾಗಿ ಯೋಚಿಸಿದ್ದರೆ, ನನ್ನಂಥವರು ಓದಬಹುದಾದ ಒಂದೇ ಒಂದು ಬರಹ ತಿಳಿಸಿ."

ಮಾನ್ಯರೇ,

ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ. ನೀವು ಎತ್ತಿದ ವಿಷಯ ನನಗೂ ಬಹಳ ಹತ್ತಿರದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವರು ಎಂದೂ ಕೇಳಿಕೊಂಡಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಪಶ್ಚಿಮದ ತತ್ವಶಾಸ್ತ್ರ ಹುಟ್ಟಿದ ಹಳೆಯ ಗ್ರೀಸಿನಲ್ಲೇ ಈ ಜಗಳವೂ ಹುಟ್ಟಿದೆ. ಪ್ಲೇಟೋ ತನ್ನ 'ರಿಪಬ್ಲಿಕ್' ಬರೆದದ್ದು ಸುಮಾರು ಕ್ರಿ.ಪೂ. 375ರಲ್ಲಿ. ಅದರ ಕೊನೆಯ ಭಾಗದಲ್ಲಿ ಕವಿಗಳನ್ನೂ ನಾಟಕಕಾರರನ್ನೂ ತನ್ನ ಆದರ್ಶ ನಗರದಿಂದ ಹೊರಗಿಡುತ್ತಾನೆ. ಅವನು ಕೊಡುವ ಕಾರಣ ಕೇಳಿ. ಮನೆಯಲ್ಲಿ ಮಗ ಸತ್ತರೆ ಮರ್ಯಾದಸ್ಥ ಮನುಷ್ಯ ನಾಲ್ಕು ಜನರ ಎದುರು ಗೋಳಾಡುವುದಿಲ್ಲ, ದುಃಖ ನುಂಗಿಕೊಳ್ಳುತ್ತಾನೆ. ಅದೇ ಮನುಷ್ಯ ನಾಟಕಕ್ಕೆ ಹೋಗಿ, ಅಲ್ಲಿ ನಾಯಕ ಎದೆ ಬಡಿದುಕೊಂಡು ಅಳುವಾಗ ಖುಷಿಯಿಂದ ತಾನೂ ಅಳುತ್ತಾನೆ. ಹೆಚ್ಚು ಅಳಿಸಿದ ಕವಿಯನ್ನೇ ಹೆಚ್ಚು ಹೊಗಳುತ್ತಾನೆ. ಮನೆಯಲ್ಲಿ ಅಳಲು ಬಿಡದೆ ಹಸಿದಿಟ್ಟಿದ್ದ ಮನಸ್ಸಿನ ಒಂದು ಭಾಗಕ್ಕೆ ಅಲ್ಲಿ ಹೊಟ್ಟೆ ತುಂಬ ಸಿಗುತ್ತದೆ. ಹಾಗೆ ಕೊಬ್ಬಿದ್ದನ್ನು ನಾಳೆ ನಿಜವಾದ ದುಃಖ ಬಂದಾಗ ಹಿಡಿದು ನಿಲ್ಲಿಸುವುದು ಕಷ್ಟ. ಇದು ಅವನ ವಾದ.

ನಾಟಕದ ರುಚಿ ಗೊತ್ತಿಲ್ಲದವನ ಮಾತಲ್ಲ ಇದು. ಚಿಕ್ಕಂದಿನಿಂದ ಮಹಾಕವಿ ಹೋಮರನ ಮೇಲೆ ಪ್ರೀತಿ ಇದೆ ಎಂದು, ಆ ಪುಸ್ತಕದಲ್ಲಿ ಅವನ ಪರವಾಗಿ ಮಾತಾಡುವ ಗುರು ಸಾಕ್ರೆಟಿಸ್ ಅಲ್ಲೇ ಹೇಳಿಕೊಳ್ಳುತ್ತಾನೆ. ಕಾವ್ಯ ಸಿಹಿ ಮಾತ್ರವಲ್ಲ, ಊರಿಗೂ ಬದುಕಿಗೂ ಉಪಯೋಗ ಇದೆ ಎಂದು ಅದರ ಪರವಾಗಿ ಯಾರಾದರೂ ಗದ್ಯದಲ್ಲಿ ವಾದಿಸಿದರೆ ಸಂತೋಷದಿಂದ ಕೇಳುತ್ತೇವೆ ಎಂದು ಬಾಗಿಲು ತೆರೆದೇ ಇಡುತ್ತಾನೆ. ಆಮೇಲಿನ ಎರಡು ಸಾವಿರ ವರ್ಷಗಳಲ್ಲಿ ಎಷ್ಟೋ ಜನ ಆ ಬಾಗಿಲಿನಿಂದ ಒಳಗೆ ಬಂದಿದ್ದಾರೆ.

ನೀವು ಹೇಳಿದ ಹರಕೆಯ ಮಾತಿಗೆ ಬರೋಣ. ಪ್ಲೇಟೋ ನೋಡುತ್ತಿದ್ದ ನಾಟಕಗಳೂ ದೇವರ ಹಬ್ಬದಲ್ಲೇ ನಡೆಯುತ್ತಿದ್ದವು. ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ದೇವರ ಗುಡಿ, ಅದಕ್ಕೆ ಹೊಂದಿಕೊಂಡೇ ರಂಗಸ್ಥಳ. ದೇವರ ಪೂಜಾರಿಗೆ ಮುಂದಿನ ಸಾಲಿನಲ್ಲಿ ಪೀಠ. ನಿಮ್ಮ ಕಡೆ ಹರಕೆ ಹೊತ್ತ ಮನೆಯವರು ಮೇಳದ ಖರ್ಚು ಹೊರುವ ಹಾಗೆ, ಅಲ್ಲಿ ಊರಿನ ಒಬ್ಬ ಸಿರಿವಂತ ಹಾಡು-ಕುಣಿತದ ತಂಡದ ಖರ್ಚು ಹೊರಬೇಕಿತ್ತು. ಅದು ನಗರ ಹೊರಿಸಿದ ಹೊಣೆ. ಬಡವರು ನಾಟಕದಿಂದ ತಪ್ಪಿಹೋಗಬಾರದು ಎಂದು ಬೊಕ್ಕಸದಿಂದಲೇ ದುಡ್ಡು ಕೊಡುವ ಏರ್ಪಾಡೂ ಇತ್ತು. ಅಲ್ಲಿ ಸ್ಪರ್ಧೆ ಇತ್ತು, ಬಹುಮಾನ ಇತ್ತು, ಪೋಲಿ ಹಾಸ್ಯವೂ ಬೇಕಾದಷ್ಟಿತ್ತು. ದೇವರ ಸೇವೆ ಮತ್ತು ಮೋಜು ಬೇರೆ ಬೇರೆ ಎಂದು ಆ ಜನಕ್ಕೆ ಅನ್ನಿಸಿರಲಿಕ್ಕಿಲ್ಲ. ಹರಕೆಯಾಟದಲ್ಲೂ ಹಾಸ್ಯಗಾರ ಬಂದ ಕೂಡಲೇ ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತವೆ, ಅಲ್ವಾ? ಹಾಗಾಗಿ ದೇವರಿಗಾಗಿ ಆಡಿದ್ದು ನಮ್ಮದು, ಹೊತ್ತು ಕಳೆಯಲು ಆಡಿದ್ದು ಅವರದು ಎಂಬ ಗೆರೆ ನಿಲ್ಲುವುದಿಲ್ಲ.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಗುರುವಿಗಿಂತ ಮೆದು. ದುಡಿದು ದಣಿದವರಿಗೆ ಆಟ-ವಿನೋದ ಔಷಧ ಇದ್ದ ಹಾಗೆ, ಹೊತ್ತು ನೋಡಿ ಕೊಡಬೇಕು ಎನ್ನುತ್ತಾನೆ. ಆದರೆ ಬದುಕಿನ ಗುರಿಯೇ ವಿನೋದ ಅಂದರೆ ಒಪ್ಪುವುದಿಲ್ಲ. ಸುಮ್ನೆ ಆಟವಾಡುವುದಕ್ಕೋಸ್ಕರ ಜೀವನವಿಡೀ ಕಷ್ಟಪಡುವುದು ಹುಡುಗಾಟ ಎಂಬುದು ಅವನ ತೀರ್ಮಾನ. ಕೆಲಸಕ್ಕಿಂತ, ವಿನೋದಕ್ಕಿಂತ ಮೇಲಿನದು ಬಿಡುವು. ಆ ಬಿಡುವಿನಲ್ಲಿ ಮನುಷ್ಯ ಸಂಗೀತ ಕೇಳುತ್ತಾನೆ, ಚಿಂತನೆ ಮಾಡುತ್ತಾನೆ. ಓದುವಾಗ ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಅವನ ಬಿಡುವಿನ ಮನುಷ್ಯನ ಮನೆಯಲ್ಲಿ ದುಡಿಯಲು ಗುಲಾಮರಿದ್ದರು. ಮನರಂಜನೆ ಮೇಲೋ ಕೀಳೋ ಎಂದು ಪಶ್ಚಿಮದಲ್ಲಿ ಬಹಳ ಕಾಲ ತೀರ್ಪು ಕೊಟ್ಟವರು ಬಿಡುವು ಇದ್ದವರೇ. ದಣಿದವರನ್ನು ಯಾರೂ ಕೇಳಲಿಲ್ಲ. ಈ ಚರ್ಚೆಯ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ.

ರೋಮಿಗೆ ಬಂದರೆ ಪ್ರಶ್ನೆ ಇನ್ನೂ ಕಟುವಾಗುತ್ತದೆ. ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಸಾವಿರಾರು ಜನ ಕೂತು ನೋಡುವ ಕಾಲ ಅದು. ಒಂದು ಮಧ್ಯಾಹ್ನ ಸ್ವಲ್ಪ ನಗು, ಹಗುರ ವಿನೋದ ಸಿಗಬಹುದು ಎಂದು ಹೋದ ರೋಮಿನ ಚಿಂತಕ ಸೆನೆಕಾ ಅಲ್ಲಿ ಬರೀ ಕೊಲೆ ನೋಡಿ ಬಂದ. ಗುಂಪಿನಲ್ಲಿ ಇದ್ದು ಬಂದದ್ದರಿಂದಲೇ ಮೊದಲಿಗಿಂತ ಕ್ರೂರಿಯಾಗಿ ಮನೆಗೆ ಮರಳುತ್ತೇನೆ ಎಂದು ಗೆಳೆಯನಿಗೆ ಪತ್ರ ಬರೆದ. ನನ್ನ ಮನಸ್ಸಿನಲ್ಲಿ ಇದಕ್ಕಿಂತ ಜಾಸ್ತಿ ಉಳಿದದ್ದು ಸಂತ ಅಗಸ್ಟೀನ್ ತನ್ನ ಆತ್ಮಕಥನದಲ್ಲಿ ಹೇಳುವ ಅಲಿಪಿಯಸ್‌ನ ಪ್ರಸಂಗ. ಅಲಿಪಿಯಸ್ ಅಗಸ್ಟೀನನ ಗೆಳೆಯ, ಕಾನೂನು ಓದಲು ರೋಮಿಗೆ ಹೋಗಿದ್ದ ಹುಡುಗ. ಅವನಿಗೆ ಈ ಕಾಳಗಗಳೆಂದರೆ ಅಸಹ್ಯ. ಒಂದು ದಿನ ಊಟ ಮುಗಿಸಿ ಬರುತ್ತಿದ್ದ ಸ್ನೇಹಿತರು ದಾರಿಯಲ್ಲಿ ಹಿಡಿದು ಎಳೆದುಕೊಂಡು ಹೋದರು. ನನ್ನ ಮೈ ಅಲ್ಲಿರುತ್ತದೆ, ಕಣ್ಣು ಮನಸ್ಸು ಇರುವುದಿಲ್ಲ ಎಂದ. ಕಣ್ಣು ಮುಚ್ಚಿ ಕೂತ. ಯಾರೋ ಬಿದ್ದ. ಇಡೀ ಜನಸ್ತೋಮ ಒಮ್ಮೆಲೇ ಕೂಗಿತು. ಕಿವಿ ಮುಚ್ಚಿಕೊಂಡಿರಲಿಲ್ಲವಲ್ಲ, ಕುತೂಹಲಕ್ಕೆ ಕಣ್ಣು ತೆರೆದ. ರಕ್ತ ಕಂಡ ಕ್ಷಣದಿಂದ ಮುಖ ತಿರುಗಿಸಲಿಲ್ಲ. ಬಂದಾಗ ಇದ್ದ ಮನುಷ್ಯ ಅವನಾಗಿ ಉಳಿಯಲಿಲ್ಲ, ಆ ಗುಂಪಿನಲ್ಲಿ ಒಬ್ಬನಾದ ಎನ್ನುತ್ತಾನೆ ಅಗಸ್ಟೀನ್. ಆಮೇಲೆ ತಾನೇ ಬೇರೆಯವರನ್ನು ಎಳೆದುಕೊಂಡು ಬರುವ ಹಾಗಾದ.

ಅಖಾಡದಲ್ಲಿ ಏನು ನಡೆಯಿತು ಎಂಬುದರ ಬಗ್ಗೆ ಅಗಸ್ಟೀನ್ ಹೆಚ್ಚು ಮಾತಾಡುವುದಿಲ್ಲ. ಕೂತು ನೋಡುವವನಿಗೆ ಏನಾಯಿತು ಎಂಬುದೇ ಅವನ ಚಿಂತೆ. ಮನರಂಜನೆಯ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ ಎಂದು ನನಗೂ ಅನ್ನಿಸುತ್ತದೆ. ಅದು ಶಾಸ್ತ್ರೀಯವೋ ಅಗ್ಗದ್ದೋ, ದೇವರಿಗೋ ದುಡ್ಡಿಗೋ ಎಂಬುದೆಲ್ಲ ಆಮೇಲಿನದು.

ಹದಿನೇಳನೇ ಶತಮಾನದ ಫ್ರೆಂಚ್ ಚಿಂತಕ ಪ್ಯಾಸ್ಕಲ್ ಹೇಳಿದ ಮಾತು ನೀವು ಕೇಳಿರಬಹುದು: ಮನುಷ್ಯನ ಎಲ್ಲ ಸಂಕಟಕ್ಕೂ ಕಾರಣ ಒಂದೇ, ಒಂದು ಕೋಣೆಯಲ್ಲಿ ಸುಮ್ಮನೆ ಕೂರಲು ಅವನಿಗೆ ಬಾರದಿರುವುದು. ದಿನವಿಡೀ ಮೊಲದ ಹಿಂದೆ ಓಡುವವನಿಗೆ ಅದೇ ಮೊಲವನ್ನು ಬಿಟ್ಟಿ ಕೊಟ್ಟರೆ ಬೇಡ ಅನ್ನುತ್ತಾನೆ. ಅವನಿಗೆ ಬೇಕಾದದ್ದು ಓಟ. ಓಡುವಾಗ ಸಾವು ನೆನಪಾಗುವುದಿಲ್ಲ. ಮಾತು ಆಳದ್ದು, ಆದರೆ ಅವನ ಉದಾಹರಣೆಗಳು ಬಹುತೇಕ ರಾಜರು, ಬೇಟೆಗಾರರು, ಜೂಜಾಡುವವರು. ಹಾಗಾಗಿ ಅಲ್ಲಿ ಜಾಸ್ತಿ ನಿಲ್ಲದೆ ಮುಂದೆ ಹೋಗುತ್ತೇನೆ.

ನಿಂತು ನೋಡಬೇಕಾದ್ದು ಜಿನೀವಾದ ಜಗಳ. 1757ರಲ್ಲಿ ಫ್ರಾನ್ಸಿನ ದೊಡ್ಡ ವಿಶ್ವಕೋಶದ ಏಳನೇ ಸಂಪುಟ ಬಂತು. ಅದರಲ್ಲಿ ಜಿನೀವಾ ನಗರದ ಬಗ್ಗೆ ಗಣಿತಜ್ಞ ದಲಾಂಬೇರ್ ಬರೆದ ಲೇಖನ ಇತ್ತು. ಊರನ್ನು ಹೊಗಳಿ, ಒಂದು ಕೊರತೆ ತೋರಿಸಿದ್ದ: ಇಲ್ಲಿ ನಾಟಕಶಾಲೆ ಇಲ್ಲ. ಅದು ಕ್ರೈಸ್ತರ ಕ್ಯಾಲ್ವಿನ್ ಪಂಥದ ಕಟ್ಟುನಿಟ್ಟಿನ ಊರು, ನಾಟಕಕ್ಕೆ ಅಲ್ಲಿ ಅವಕಾಶ ಇರಲಿಲ್ಲ. ನಟರ ನಡತೆಗೆ ಬಿಗಿಯಾದ ಕಾನೂನು ಮಾಡಿ ಒಂದು ನಾಟಕಶಾಲೆ ತೆರೆಯಬಹುದಲ್ಲ ಎಂದು ಸಲಹೆ ಕೊಟ್ಟಿದ್ದ. ಊರ ಅಂಚಿನಲ್ಲೇ ಮನೆ ಮಾಡಿದ್ದ ಫ್ರೆಂಚ್ ಲೇಖಕ ವಾಲ್ಟೇರನಿಗೂ ನಾಟಕದ ಹುಚ್ಚು, ಮನೆಯಲ್ಲೇ ಆಡಿಸುತ್ತಿದ್ದ.

ಇದನ್ನು ಓದಿ ಸಿಟ್ಟಾದವನು ಚಿಂತಕ ರೂಸೋ. ಜಿನೀವಾದ ಗಡಿಯಾರ ಮಾಡುವವನ ಮಗ. ಆಗ ಪ್ಯಾರಿಸ್ ಹತ್ತಿರದ ಮಾಂಟ್‌ಮೊರೆನ್ಸಿಯಲ್ಲಿದ್ದ. ಫೆಬ್ರವರಿಯ ಚಳಿಯಲ್ಲಿ, ಬೆಂಕಿಯೂ ಇಲ್ಲದೆ ಗಾಳಿಗೆ ತೆರೆದ ಗೋಪುರದಂಥ ಕೋಣೆಯಲ್ಲಿ ಕೂತು ಮೂರು ವಾರದಲ್ಲಿ ಉತ್ತರ ಬರೆದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು 1758ರಲ್ಲಿ ಪುಸ್ತಕವಾಗಿ ಬಂತು. ಇವನೇನು ಕಲೆಯ ಗಂಧ ಇಲ್ಲದವನಲ್ಲ. ಆರು ವರ್ಷ ಹಿಂದೆ ಅವನದೇ ಸಂಗೀತ ನಾಟಕ ಫ್ರಾನ್ಸಿನ ದೊರೆಯ ಎದುರು ಪ್ರಯೋಗವಾಗಿ ಮೆಚ್ಚುಗೆ ಪಡೆದಿತ್ತು.

ರೂಸೋ ಹೇಳುವುದು ಇಷ್ಟು. ನಾಟಕಶಾಲೆಯಲ್ಲಿ ಜನ ಒಟ್ಟಿಗೆ ಸೇರುತ್ತೇವೆ ಎಂದುಕೊಂಡಿದ್ದಾರೆ. ಆದರೆ ಒಬ್ಬೊಬ್ಬನೂ ಒಂಟಿಯಾಗುವುದು ಅಲ್ಲೇ. ಪಕ್ಕದವನನ್ನು, ಗೆಳೆಯನನ್ನು, ನೆಂಟರನ್ನು ಮರೆತು ಕತ್ತಲಲ್ಲಿ ಕೂತು ಎಂದೋ ಸತ್ತವರ ಕಷ್ಟಕ್ಕೆ ಅಳುತ್ತಾನೆ. ಅತ್ತ ಮೇಲೆ ಮನಸ್ಸು ಹಗುರ. ಮನುಷ್ಯನಾಗಿ ತನ್ನ ಪಾಲಿನ ಕರ್ತವ್ಯ ಮುಗಿಯಿತು ಅನ್ನಿಸುತ್ತದೆ. ಹೊರಗೆ ಬಂದು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಇದಕ್ಕೆ ಹಳೆಯ ಗ್ರೀಸಿನ ಒಬ್ಬ ಕ್ರೂರ ದೊರೆಯ ಕಥೆ ಹೇಳುತ್ತಾನೆ. ಆ ದೊರೆ ನಾಟಕಶಾಲೆಯಲ್ಲಿ ಯಾರಿಗೂ ಕಾಣದಂತೆ ಮರೆಯಲ್ಲಿರುತ್ತಿದ್ದ. ದಿನವೂ ತನ್ನ ಅಪ್ಪಣೆಯಿಂದ ಸಾಯುವವರ ಚೀರಾಟಕ್ಕೆ ಕರಗದ ತಾನು ರಂಗದ ಮೇಲಿನ ರಾಣಿಯ ಗೋಳಿಗೆ ಅಳುವುದನ್ನು ಜನ ಕಂಡುಬಿಟ್ಟರೆ ಎಂಬ ಹೆದರಿಕೆ.

ಹಾಗಾದರೆ ಊರಿಗೆ ಮನರಂಜನೆ ಬೇಡವಾ? ಬೇಕು, ಬೇಕಾದಷ್ಟು ಬೇಕು ಎನ್ನುತ್ತಾನೆ ರೂಸೋ. ಬಯಲಿನ ನಡುವೆ ಹೂ ಸುತ್ತಿದ ಒಂದು ಕಂಬ ನೆಡಿ, ಜನರನ್ನು ಸೇರಿಸಿ, ಅದೇ ಹಬ್ಬ. ನೋಡುವವರನ್ನೇ ಆಡುವವರನ್ನಾಗಿ ಮಾಡಿ. ಇಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಅವನ ಬಾಲ್ಯದ ನೆನಪು ಬರುತ್ತದೆ. ಸೇಂಟ್ ಜೆರ್ವೆ ಎಂಬ ಕೇರಿ. ಊರ ಪಡೆಯವರು ಕವಾಯತು ಮುಗಿಸಿ, ಊಟ ಮಾಡಿ, ಚೌಕದ ಕಾರಂಜಿಯ ಸುತ್ತ ಕೈ ಕೈ ಹಿಡಿದು ಕುಣಿಯತೊಡಗಿದರು. ತಮಟೆ, ಕೊಳಲು, ಪಂಜು. ಹೆಂಗಸರು ಕಿಟಕಿಯಿಂದ ನೋಡಿದರು. ಆಮೇಲೆ ತಡೆಯಲಾಗದೆ ಕೆಳಗೆ ಇಳಿದು ಬಂದರು. ನಿದ್ದೆಯಿಂದ ಎದ್ದ ಮಕ್ಕಳು ಅರೆಬರೆ ಬಟ್ಟೆಯಲ್ಲಿ ಅಪ್ಪ-ಅಮ್ಮಂದಿರ ನಡುವೆ ಓಡಾಡಿದವು. ಕುಣಿತ ನಿಂತು ಅಪ್ಪುಗೆ, ನಗು ಶುರುವಾಯಿತು. ರೂಸೋನ ತಂದೆ ಮಗನನ್ನು ತಬ್ಬಿಕೊಂಡು ನಡುಗಿದ. ಸುಮಾರು ನಾಲ್ಕು ದಶಕ ಕಳೆದರೂ ಮಗ ಆ ನಡುಕವನ್ನು ಮರೆತಿಲ್ಲ.

ಈ ಪುಸ್ತಕದಲ್ಲಿ ನಾನು ಒಪ್ಪದ ಭಾಗವೂ ಇದೆ. ನಾಟಕಶಾಲೆ ಬಂದರೆ ಹೆಂಗಸರ ಕೈ ಮೇಲಾಗುತ್ತದೆ, ಅವರು ಮನೆಯಲ್ಲೇ ಇರಬೇಕು ಎಂದು ಪುಟಗಟ್ಟಲೆ ವಾದಿಸುತ್ತಾನೆ. ಕಾರಂಜಿಯ ಸುತ್ತ ಕುಣಿಯಲು ಇಳಿದು ಬಂದ ಹೆಂಗಸರನ್ನು ಅಷ್ಟು ಪ್ರೀತಿಯಿಂದ ಬರೆದವನೇ ಹೀಗೆ ಬರೆದದ್ದು ಓದಿದರೆ ಬೇಸರವಾಗುತ್ತದೆ. ಇನ್ನೊಂದು, ಒಳ್ಳೆಯ ನಾಟಕ ನೋಡಿ ಅತ್ತವರೆಲ್ಲ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ ಎಂಬುದು ನಿಜವಲ್ಲ. ಹೊರಗೆ ಬಂದು ಮಾತಾಡುತ್ತಾರೆ, ಜಗಳವಾಡುತ್ತಾರೆ. ಆದರೂ ಕತ್ತಲಲ್ಲಿ ಒಂಟಿಯಾಗಿ ಕೂತವನ ಚಿತ್ರವನ್ನು ಅವನು ಬರೆದಾಗ ಸಿನಿಮಾ ಇರಲಿಲ್ಲ, ಟಿ.ವಿ. ಇರಲಿಲ್ಲ. ಅವೆಲ್ಲ ಬಂದ ಮೇಲೆ ಆ ಚಿತ್ರ ಇನ್ನೂ ಸ್ಪಷ್ಟವಾಯಿತು.

ಈಗ ದಣಿದವರ ಕಡೆಗೆ ಬರುತ್ತೇನೆ. ಇಂಗ್ಲೆಂಡಿನ ಲ್ಯಾಂಕಶೈರ್, ಹತ್ತೊಂಬತ್ತನೇ ಶತಮಾನದ ಹತ್ತಿ ಗಿರಣಿಗಳ ಸೀಮೆ. ಅಲ್ಲಿ ಬಿಡುವನ್ನು ಯಾರೂ ದಾನವಾಗಿ ಕೊಡಲಿಲ್ಲ, ಹೋರಾಡಿ ಪಡೆದರು. 1847ರ ಕಾನೂನು ಬಟ್ಟೆ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿತು. 1850ರಲ್ಲಿ ಶನಿವಾರ ಮಧ್ಯಾಹ್ನ ಎರಡಕ್ಕೆ ಅವರ ಕೆಲಸ ನಿಲ್ಲಬೇಕು ಎಂದಾಯಿತು. ಫುಟ್‌ಬಾಲ್ ಪಂದ್ಯಕ್ಕೆ ಶನಿವಾರ ಮಧ್ಯಾಹ್ನದ ಹೊತ್ತು ಗಟ್ಟಿಯಾದದ್ದರ ಹಿಂದೆ ಈ ಅರ್ಧ ರಜೆ ಇದೆ.

ವರ್ಷಕ್ಕೊಮ್ಮೆ ಒಂದೊಂದು ಊರಿನ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಮೂಲದಲ್ಲಿ ಅದು ಊರ ಚರ್ಚಿನ ಹಬ್ಬ, ನಮ್ಮ ಊರಹಬ್ಬ ಇದ್ದಂತೆ. ಓಲ್ಡಮ್‌ಗೆ ಒಂದು ವಾರ, ಬರ್ನ್‌ಲಿಗೆ ಇನ್ನೊಂದು. ಆ ವಾರ ಇಡೀ ಊರು ರೈಲು ಹತ್ತಿ ಸಮುದ್ರ ತೀರದ ಬ್ಲ್ಯಾಕ್‌ಪೂಲ್‌ಗೆ ಹೋಗುತ್ತಿತ್ತು. ರೈಲು ಅಲ್ಲಿಗೆ ಬಂದದ್ದು 1846ರಲ್ಲಿ. ರಜೆಗೆ ಸಂಬಳ ಇರಲಿಲ್ಲ, ಸಂಬಳದ ರಜೆಗೆ ಕಾನೂನು ಬಂದದ್ದು 1938ರಲ್ಲಿ. ಆ ಒಂದು ವಾರಕ್ಕಾಗಿ ವರ್ಷವಿಡೀ ಚೀಟಿ ಹಾಕಿದಂತೆ ವಾರ ವಾರ ಕೆಲವು ಪೆನ್ನಿ ಕೂಡಿಡುತ್ತಿದ್ದರು. ಬಾಡಿಗೆ ಕೋಣೆಗೆ ತಮ್ಮ ಸಾಮಾನು ತಾವೇ ತಂದುಕೊಟ್ಟರೆ ಮನೆಯೊಡತಿ ಬೇಯಿಸಿ ಬಡಿಸುತ್ತಿದ್ದಳು. 1894ರಲ್ಲಿ ಅಲ್ಲಿ 518 ಅಡಿ ಎತ್ತರದ ಗೋಪುರ ಎದ್ದಿತು. ತೀರದಲ್ಲಿ ಅಡ್ಡಾಡುವಾಗ ಎದುರು ಸಿಗುವವರು ಅದೇ ಬೀದಿಯ, ಅದೇ ಗಿರಣಿಯ ಜನ.

ಇಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. ಮಗ್ಗದ ಶೆಡ್ಡಿನಲ್ಲಿ ಎಷ್ಟು ಸದ್ದು ಅಂದರೆ ಪಕ್ಕದವರ ಮಾತು ಕೇಳಿಸದು. ಹಾಗಾಗಿ ನೇಯುವ ಹೆಂಗಸರು ದನಿ ಇಲ್ಲದೆ, ತುಟಿಯನ್ನೂ ಮುಖವನ್ನೂ ದೊಡ್ಡದಾಗಿ ಆಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಲ್ಯಾಂಕಶೈರಿನ ಹಾಸ್ಯ ನಟರು ಇದನ್ನೇ ರಂಗಕ್ಕೆ ತಂದರು. ಗುಟ್ಟಿನ ಮಾತು ಬಂದಾಗ ದನಿ ನಿಲ್ಲಿಸಿ ಬರೀ ಬಾಯಿ ಆಡಿಸುವುದು. ಸಭೆಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವರ ಗಿರಣಿ, ಅವರ ಭಾಷೆ, ಅವರ ಪಕ್ಕದ ಮಗ್ಗದವಳು ರಂಗದ ಮೇಲೆ. ಟಿಕೆಟ್ ಕೊಟ್ಟು ಒಳಗೆ ಹೋದ ಆಟ ಅದು, ಲಾಭಕ್ಕೆ ನಡೆಸಿದ್ದು. ಆದರೂ ನೋಡುವವರೇ ಅದರಲ್ಲಿ ಇದ್ದರು. ರೂಸೋ ಬಯಸಿದ್ದು ನಾಟಕಶಾಲೆಯ ಒಳಗೇ ನಡೆಯಿತು. ಇದನ್ನು ಹೊತ್ತು ಕಳೆಯುವುದು ಎಂದು ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಅಲಿಪಿಯಸ್ ಕಳೆದುಹೋದದ್ದೂ ಗುಂಪಿನಲ್ಲೇ, ಈ ಹೆಂಗಸರು ನಕ್ಕದ್ದೂ ಗುಂಪಿನಲ್ಲೇ. ಎರಡಕ್ಕೂ ಅಜಗಜಾಂತರ.

ಇಪ್ಪತ್ತನೇ ಶತಮಾನದಲ್ಲಿ ಈ ಬಿಡುವಿನ ಮೇಲೆ ಉದ್ಯಮದ ಕಣ್ಣು ಪೂರ್ತಿಯಾಗಿ ಬಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಚಿಂತಕರಾದ ಅಡೋರ್ನೊ ಮತ್ತು ಹಾರ್ಕ್‌ಹೈಮರ್ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಹಾಲಿವುಡ್ಡಿನ ಮಗ್ಗುಲಲ್ಲೇ ಕೂತು ಸಂಸ್ಕೃತಿಯ ಕಾರ್ಖಾನೆಯ ಬಗ್ಗೆ ಬರೆದರು. ಅವರ ಪ್ರಕಾರ ಈ ಕಾಲದ ವಿನೋದ ಕೆಲಸದ್ದೇ ಮುಂದುವರಿಕೆ. ಯಂತ್ರದಿಂದ ಪಾರಾಗಲು ಬಂದವನಿಗೆ ಇಲ್ಲೂ ಯಂತ್ರದ್ದೇ ಲಯ. ಯೋಚಿಸುವ ಕಷ್ಟ ಕೊಡಬಾರದು, ಮುಂದೇನು ಎಂದು ಮೊದಲೇ ಗೊತ್ತಿರಬೇಕು, ನಾಳೆ ಮತ್ತೆ ಕೆಲಸಕ್ಕೆ ತಯಾರಾಗಿರಬೇಕು.

ಇದಕ್ಕೆ ಸಾಕ್ಷಿ ಬೇಕಾದರೆ ಅದೇ ಹೊತ್ತಿನ ಬ್ರಿಟನ್ ನೋಡಿ. 1940ರಲ್ಲಿ, ಯುದ್ಧದ ನಡುವೆ, ಬಿಬಿಸಿ ಕಾರ್ಖಾನೆಗಳಿಗಾಗಿಯೇ ದಿನಕ್ಕೆರಡು ಸಲ ಸಂಗೀತ ಪ್ರಸಾರ ಮಾಡತೊಡಗಿತು. ಕೆಲಸ ಮಾಡುತ್ತಲೇ ಕೇಳುವ ಸಂಗೀತ. ನಿದ್ದೆ ಬರಿಸುವ ನಿಧಾನದ ಹಾಡು ಬೇಡ, ಯಂತ್ರದ ಸದ್ದಿನಲ್ಲೂ ಕೇಳಿಸುವ ಗಟ್ಟಿ ಲಯ ಬೇಕು. ನಡುವೆ ಚಪ್ಪಾಳೆ ಹಾಕಿಸುವ ಒಂದು ಜನಪ್ರಿಯ ಹಾಡನ್ನು ಆ ಕಾರ್ಯಕ್ರಮದಿಂದ ತೆಗೆದೇ ಹಾಕಿದರು. ಕೆಲಸಗಾರರು ಕೈಯಲ್ಲಿದ್ದದ್ದನ್ನು ಬಿಟ್ಟು ಚಪ್ಪಾಳೆ ತಟ್ಟುತ್ತಾರೆ ಎಂಬ ಕಾರಣಕ್ಕೆ! ಕೇಳಬಹುದು, ಸೇರಿಕೊಳ್ಳಬಾರದು. ಅಡೋರ್ನೊ ಹೇಳಿದ್ದು ಇಲ್ಲಿ ಅಕ್ಷರಕ್ಷರ ನಿಜ.

ಆದರೆ ಇದೇ ಪೂರ್ತಿ ಸತ್ಯವಲ್ಲ. ಆ ಹಾಡಿಗೆ ಚಪ್ಪಾಳೆ ತಟ್ಟುವ ಮನಸ್ಸು ಕೆಲಸಗಾರರಿಗೆ ಇತ್ತಲ್ಲ! ಅದಿಲ್ಲದಿದ್ದರೆ ಹಾಡನ್ನು ತೆಗೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ನೋಡುವವರನ್ನು, ಕೇಳುವವರನ್ನು ಬರೀ ಹಿಟ್ಟಿನ ಮುದ್ದೆ ಎಂದುಕೊಳ್ಳುವುದು ಅಡೋರ್ನೊ ಬರಹದ ಕೊರತೆ. ಗಿರಣಿಯ ಹೆಂಗಸರ ನಗುವಿನ ಒಳಗೆ ಅವರು ಇಳಿದು ನೋಡಲಿಲ್ಲ.

ಇನ್ನೊಬ್ಬರ ಹೆಸರು ನೀವು ಕೇಳಿರಬಹುದು, ಅಮೆರಿಕದ ನೀಲ್ ಪೋಸ್ಟ್‌ಮನ್. ಟಿ.ವಿ. ಬಂದ ಮೇಲೆ ರಾಜಕೀಯ, ಧರ್ಮ, ಪಾಠ ಎಲ್ಲವೂ ವಿನೋದದ ವೇಷ ಹಾಕಲೇಬೇಕಾಯಿತು ಎಂದು 1985ರಲ್ಲಿ ಬರೆದರು. ಅವರು ಕೊಡುವ ಒಂದು ಪ್ರಸಂಗ ಇದೆ. 1854ರ ಅಕ್ಟೋಬರ್, ಇಲಿನಾಯ್ ರಾಜ್ಯದ ಪಿಯೋರಿಯ ಊರು. ರಾಜಕಾರಣಿ ಡಗ್ಲಸ್ ಮೂರು ಗಂಟೆ ಭಾಷಣ ಮಾಡಿದ. ಆಮೇಲೆ, ಮುಂದೆ ಅಮೆರಿಕದ ಅಧ್ಯಕ್ಷನಾದ ಲಿಂಕನ್ ಎದ್ದು, ನನಗೂ ಅಷ್ಟೇ ಹೊತ್ತು ಬೇಕಾದೀತು, ಎಲ್ಲರೂ ಮನೆಗೆ ಹೋಗಿ ಊಟ ಮಾಡಿ ಬನ್ನಿ ಎಂದ. ಜನ ಹೋಗಿ, ಉಂಡು, ತಿರುಗಿ ಬಂದು ಕೂತರು. ಆ ಕಾಲದ ಇಂಥ ಸಭೆಗಳಲ್ಲಿ ಬ್ಯಾಂಡ್ ಇರುತ್ತಿತ್ತು, ಕುಡಿತ ಇರುತ್ತಿತ್ತು, ಜಾತ್ರೆಯದೇ ಗದ್ದಲ ಎಂದು ಪೋಸ್ಟ್‌ಮನ್ ಅವರೇ ಒಪ್ಪುತ್ತಾರೆ. ಗುಲಾಮಗಿರಿ ಹರಡಬೇಕೋ ಬೇಡವೋ ಎಂಬಂಥ ಪ್ರಶ್ನೆಯನ್ನೂ ಜನ ಆ ಜಾತ್ರೆಯ ನಡುವೆಯೇ ಗಂಟೆಗಟ್ಟಲೆ ಕೇಳಿದರು. ಮೋಜು ಬಂದ ಕೂಡಲೇ ಬುದ್ಧಿ ಓಡಿಹೋಗುತ್ತದೆ ಎಂದು ಹೇಳಲು ಬರುವುದಿಲ್ಲ.

ಹೋದ ಸಂಚಿಕೆಯ ಲೇಖನಕ್ಕೆ ಆರು ಪುಟ ಕೊಟ್ಟದ್ದು ಈ ಕಾರಣಕ್ಕೆ. ಇವತ್ತು ಮೊಬೈಲಿನಲ್ಲಿ ಒಂದು ಕಂತು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ಊಟ ಮಾಡಿ ಬನ್ನಿ ಎನ್ನುವವರು ಅಲ್ಲಿ ಇಲ್ಲ. ಅಮೆರಿಕದಲ್ಲಿ ಕೂತು ಆ ಏರ್ಪಾಡು ಮಾಡಿದವರು ಯಾರು, ಅದಕ್ಕೆ ಮೊದಲು ಅಲ್ಲಿ ಯಾವ ವಾದ ನಡೆಯಿತು ಎಂಬುದು ಸಾಗರದಲ್ಲಿ, ಬೆಂಗಳೂರಿನಲ್ಲಿ ಅದೇ ಪರದೆ ನೋಡುವ ನಮಗೂ ಗೊತ್ತಿರಬೇಕು. ಅವರ ಮನರಂಜನೆ ಮಾತ್ರ ನಮಗೆ ಬಂದು, ಅದರ ಬಗ್ಗೆ ಅವರೇ ಪಟ್ಟ ಅನುಮಾನ, ಮಾಡಿದ ಜಗಳ ನಮಗೆ ಬರದೇ ಹೋದರೆ ನಷ್ಟ ನಮ್ಮದೇ.

ನೀವು ಕೇಳಿದ ಒಂದೇ ಒಂದು ಬರಹ: ರೂಸೋ ದಲಾಂಬೇರನಿಗೆ ಬರೆದ ಆ ಉತ್ತರ. ಅದೂ ಒಂದು ಲೇಖನ ಓದಿ ಸಿಟ್ಟಿನಲ್ಲಿ ಬರೆದ ಪತ್ರವೇ. ಇಂಗ್ಲಿಷ್ ಅನುವಾದ ಸಿಗುತ್ತದೆ. ಮೊದಲಿನಿಂದ ಓದಲು ಬೇಸರವಾದರೆ ಕೊನೆಯ ಕೆಲವು ಪುಟಗಳಿಂದ, ಕಾರಂಜಿಯ ಸುತ್ತಲಿನ ಕುಣಿತದಿಂದ ಶುರು ಮಾಡಿ. ಹೆಂಗಸರ ಬಗ್ಗೆ ಬರೆದ ಭಾಗಕ್ಕೆ ಬಂದಾಗ ನಿಮಗೂ ಸಿಟ್ಟು ಬರಬಹುದು. ಬಂದರೆ ಬರೆದು ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ